ಲಿಲ್ಲಾರ್ಡ್‌ನನ್ನು ಮಾರಿದೆ, ಎರಡು ವರ್ಷ ಬೈಸಿಕೊಂಡೆ, ಆಮೇಲೆ ಗೆದ್ದೆ

ನಮ್ಮ ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ ಲೀಗ್‌ಗೆ ಹೊಸದಾಗಿ ಸೇರಿದ ಹುಡುಗ ಮೊನ್ನೆ ಕೇಳಿದ, "ಅಣ್ಣಾ, ನನ್ನ ಟೀಮ್ ಹತ್ತನೇ ಜಾಗದಲ್ಲಿದೆ, ಡುರಾಂಟ್‌ನನ್ನು ಮಾರಿಬಿಡ್ಲಾ?" ಡುರಾಂಟ್ ವಯಸ್ಸಾದ ಸ್ಟಾರ್, ಮಾರು ಅಂದೆ. ಹೇಗೆ ಅಂತ ಕೇಳಿದ. ಅದನ್ನು ಬರೆಯೋಣ ಅಂತ ಕೂತಿದ್ದೇನೆ.

ಫ್ಯಾಂಟಸಿ ಅಂದರೆ ಅಮೆರಿಕದ NBA ಆಟಗಾರರನ್ನು ಆರಿಸಿ ನಾವು ಕಾಗದದ ಮೇಲೆ ಟೀಮ್ ಕಟ್ಟೋದು, ಅವರು ನಿಜವಾಗಿ ಆಡಿದ ಅಂಕಿಗಳೇ ನಮ್ಮ ಸ್ಕೋರ್. ನಮ್ಮದು ಡೈನಾಸ್ಟಿ ಲೀಗ್, ಅಂದರೆ ಆಟಗಾರರು ವರ್ಷದಿಂದ ವರ್ಷಕ್ಕೆ ನಮ್ಮ ಬಳಿಯೇ ಇರ್ತಾರೆ. ಮಾರೋದು ಅಂದರೆ ಇನ್ನೊಬ್ಬರ ಆಟಗಾರರಿಗೋ ಪಿಕ್‌ಗೋ ಬದಲಾಯಿಸಿಕೊಳ್ಳೋದು. 12 ಟೀಮು, 9 ಕ್ಯಾಟಗರಿ (ಪಾಯಿಂಟ್, ಸ್ಟೀಲ್ ಥರದ ಲೆಕ್ಕಗಳು, ಎದುರಾಳಿಗಿಂತ ಹೆಚ್ಚು ಕ್ಯಾಟಗರಿ ಗೆದ್ದವನು ಗೆದ್ದ ಹಾಗೆ), 2018ರಲ್ಲಿ ಶುರು. ಮೈಸೂರಲ್ಲಿ ಒಟ್ಟಿಗೆ ಓದಿದ ನಾವೇ ಜಾಸ್ತಿ. ನಾನು ಫ್ರೀಮಾಂಟ್‌ನಲ್ಲಿ, ಇಬ್ಬರು ಡಲ್ಲಾಸ್‌ನಲ್ಲಿ, ನಾಲ್ಕೈದು ಜನ ಬೆಂಗಳೂರಲ್ಲಿ ಬೆಳಗ್ಗೆ ಐದೂವರೆಗೆ ಅಲಾರಾಂ ಇಟ್ಟುಕೊಂಡು ಲೈನಪ್ ಹಾಕುವವರು. ತಲೆಗೆ ವರ್ಷಕ್ಕೆ 100 ಡಾಲರ್. ಗೆದ್ದವನಿಗೆ 800, ಎರಡನೆಯವನಿಗೆ 300, ಮೂರನೆಯವನಿಗೆ ಹಾಕಿದ ದುಡ್ಡು ವಾಪಸ್.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ಮೊದಲ ಡ್ರಾಫ್ಟ್‌ನಲ್ಲಿ, ಅಂದರೆ ಸರದಿ ಪ್ರಕಾರ ಆಟಗಾರರನ್ನು ಆರಿಸುವಾಗ, ಆಗಿನ ದೊಡ್ಡ ಸ್ಟಾರ್‌ಗಳಾದ ವೆಸ್ಟ್‌ಬ್ರೂಕ್, ಲಿಲ್ಲಾರ್ಡ್ ಇಬ್ಬರೂ ನನಗೇ ಸಿಕ್ಕಿದ್ದರು, ಎದೆ ಉಬ್ಬಿಸಿಕೊಂಡು ಓಡಾಡಿದ್ದೆ. 2021ರ ಬೇಸಿಗೆಯಲ್ಲಿ ವೆಸ್ಟ್‌ಬ್ರೂಕ್ ಲೇಕರ್ಸ್‌ಗೆ ಹೋದಾಗ ಒಬ್ಬ ಎರಡು ಮೊದಲ ಸುತ್ತಿನ ಪಿಕ್ (NBAಗೆ ಬರುವ ಹೊಸಬರಲ್ಲಿ, ಅಂದರೆ ರೂಕಿಗಳಲ್ಲಿ, ಒಬ್ಬನನ್ನು ಆರಿಸುವ ಸರದಿ) ಕೊಡ್ತೀನಿ ಅಂದ. "ಲೆಬ್ರಾನ್ ಜೊತೆ ಆಡ್ತಾನೆ, ಇನ್ನೂ ಏರ್ತಾನೆ" ಅಂತ ನಾನು ಕೊಡಲಿಲ್ಲ. ಆರೇ ತಿಂಗಳಲ್ಲಿ ಅವನನ್ನು ಕೇಳುವವರೇ ಇಲ್ಲ. ಕೊನೆಗೆ ಒಂದು ಎರಡನೇ ಸುತ್ತಿನ ಪಿಕ್‌ಗೆ ದಾಟಿಸಿದೆ. ಅದರಲ್ಲಿ ಯಾರನ್ನು ತಗೊಂಡೆ ಅನ್ನೋದೂ ಈಗ ನೆನಪಿಲ್ಲ, ಅಷ್ಟು ದಂಡ.

ಲಿಲ್ಲಾರ್ಡ್ ವಿಷಯದಲ್ಲಿ ಬುದ್ಧಿ ಬಂದಿದ್ದು 2023ರ ಮಾರ್ಚ್‌ನಲ್ಲಿ. ಫೆಬ್ರವರಿ 26ಕ್ಕೆ ಅವನು ಹ್ಯೂಸ್ಟನ್ ಮೇಲೆ 71 ಪಾಯಿಂಟ್ ಹೊಡೆದಿದ್ದ, ಅದರಲ್ಲಿ 13 ತ್ರೀ (ದೂರದಿಂದ ಹಾಕುವ ಮೂರು ಪಾಯಿಂಟಿನ ಎಸೆತ). ಗುಂಪಿನಲ್ಲಿ ಎಲ್ಲರೂ ನನಗೆ ಕೈ ಮುಗಿಯೋದೇ. ಆದರೆ ಅವನ ಟೀಮ್ ಪೋರ್ಟ್‌ಲ್ಯಾಂಡ್ ಸೋಲುತ್ತಲೇ ಇತ್ತು, ಆ ವರ್ಷ 33 ಗೆಲುವು ಅಷ್ಟೇ. ಮಾರ್ಚ್ ಕೊನೆಗೆ ಅವನನ್ನು ಕೂರಿಸಿಬಿಟ್ಟರು. ನಾನು ಆರನೇ ಜಾಗಕ್ಕೆ ಒದ್ದಾಡುತ್ತಿದ್ದೆ, ಏಳಕ್ಕೆ ಇಳಿದೆ, ಪ್ಲೇಆಫ್ ಹೋಯಿತು. ಸೋಲುವ ಟೀಮಿನ ವಯಸ್ಸಾದ ಸ್ಟಾರ್ ಅಂದರೆ ಇದೇ ಪಾಡು. ನಮಗೆ ಅವನು ಬೇಕಾದ ವಾರವೇ ಅವನು ಬೆಂಚ್ ಮೇಲೆ ಕೋಟು ಹಾಕಿಕೊಂಡು ಕೂತಿರ್ತಾನೆ.

ಜುಲೈ 1ಕ್ಕೆ ಅವನು ಟ್ರೇಡ್ ಕೇಳಿದ, ಮಯಾಮಿಗೇ ಹೋಗಬೇಕು ಅಂತ. ಅದೇ ವಾರ ನಾನು ಮಾರಿದೆ. ವಯಸ್ಸು 33 ತುಂಬುತ್ತಿತ್ತು. ಸರಾಸರಿ 32 ಪಾಯಿಂಟ್ ಎಲ್ಲರ ಕಣ್ಣ ಮುಂದೆ ಇನ್ನೂ ಹಸಿಯಾಗಿತ್ತು. ಕೊಂಡವನು ಡಲ್ಲಾಸ್‌ನವನು, "ಮಯಾಮಿಯಲ್ಲಿ ಇವನು ಕಪ್ ಎತ್ತುತ್ತಾನೆ" ಅಂತ ಅವನಿಗೆ ಖಾತ್ರಿ. ನನಗೆ ಬಂದಿದ್ದು ಕೇಡ್ ಕನಿಂಗ್‌ಹ್ಯಾಮ್, ಆ ವರ್ಷದ ರೂಕಿ ಡ್ರಾಫ್ಟ್‌ನ ಮೂರನೇ ಪಿಕ್, ಮೇಲೊಬ್ಬ ಜೇಲೆನ್ ಜಾನ್ಸನ್. ಕೇಡ್ ಮೊಣಕಾಲಿನ ಕೆಳಗೆ ಆಪರೇಷನ್ ಮಾಡಿಸಿಕೊಂಡು ಹಿಂದಿನ ಸೀಸನ್ 12 ಆಟ ಮಾತ್ರ ಆಡಿದ್ದ, ಅದಕ್ಕೇ ಅಗ್ಗ. ಜಾನ್ಸನ್‌ನನ್ನು ಕೊಸರು ಅಂತ ಕೇಳಿದ್ದು, ತರಕಾರಿ ಜೊತೆ ಕೊತ್ತಂಬರಿ ಸೊಪ್ಪು ಕೇಳಿದ ಹಾಗೆ. ಸುಮ್ನೆ ಕೊಟ್ಟ.

ಆ ಕೊಸರನ್ನು ಹೇಗೆ ಹುಡುಕಿದೆ ಅನ್ನೋದರಲ್ಲಿ ಅರ್ಧ ಹೇಳ್ತೀನಿ. ಜಾನ್ಸನ್‌ನ ಟೀಮ್ ಅಟ್ಲಾಂಟಾ ಆಗಷ್ಟೇ ಜಾನ್ ಕಾಲಿನ್ಸ್‌ನನ್ನು ಯೂಟಾಗೆ ಸಾಗಿಸಿತ್ತು, ಅವನ ಜಾಗ ಖಾಲಿ. ಇನ್ನರ್ಧ ಹೇಳಲ್ಲ, ನಮ್ಮ ಲೀಗ್‌ನವರೂ ಇದನ್ನು ಓದ್ತಾರೆ.

ಬೈಗುಳ ಅವತ್ತೇ ಶುರು. "ಮಗಾ, ತಲೆ ಕೆಟ್ಟಿದ್ಯಾ? ಲೇಕರ್ಸ್ ಕೋಬಿಯನ್ನು ಮಾರಿದ್ರಾ?" ಮಾರಲಿಲ್ಲ, ನಿಜ. ಹಿಮ್ಮಡಿ ನರ ಹರಿದುಕೊಂಡ ಆ ಹಳೇ ಸ್ಟಾರ್‌ಗೆ ಎರಡು ವರ್ಷಕ್ಕೆ 48.5 ಮಿಲಿಯನ್ ಡಾಲರ್ ಕೊಟ್ಟರು, ಆಮೇಲೆ ಮೂರು ಸೀಸನ್‌ನಲ್ಲಿ ಟೀಮಿಗೆ 27, 21, 17 ಗೆಲುವು. ಕೊನೇ ಆಟದಲ್ಲಿ 60 ಹೊಡೆದ, ನಾನೂ ಅತ್ತೆ. ಆದರೆ ಲೇಕರ್ಸ್‌ಗೆ ಟಿಕೆಟ್ ಮಾರಾಟ ಇತ್ತು, ನನಗೇನಿದೆ? ನಾನು ನೋಡ್ತಿದ್ದಿದ್ದು 2013ರ ಬಾಸ್ಟನ್ ಕಡೆ. 35ರ ಪಿಯರ್ಸ್, 37ರ ಗಾರ್ನೆಟ್, ಇಬ್ಬರನ್ನೂ ಬ್ರೂಕ್ಲಿನ್‌ಗೆ ಕೊಟ್ಟರು, ಬಂದ ಪಿಕ್‌ಗಳಿಂದ ಬ್ರೌನ್, ಟೇಟಮ್ ಅನ್ನೋ ಹುಡುಗರು ಸಿಕ್ಕರು. ಅವರಿಂದ 2024ರಲ್ಲಿ ಕಪ್. ಅಲ್ಲಿ ನಾನು ಕಲಿತಿದ್ದು ಮಾರಬೇಕು ಅಂತ ಅಲ್ಲ, ಯಾರಿಗೆ ಮಾರಬೇಕು ಅಂತ. ಈ ವರ್ಷವೇ ಗೆಲ್ತೀನಿ ಅಂತ ನಂಬಿದವನಿಗೆ ಮುಂದಿನ ವರ್ಷದ ಬೆಲೆ ಕಾಣಲ್ಲ.

ಆದರೂ ಮೊದಲ ವರ್ಷ ಮಾನ ಹೋಯಿತು. ಮೂರನೇ ಪಿಕ್‌ನಲ್ಲಿ ಸ್ಕೂಟ್ ಹೆಂಡರ್ಸನ್ ಸಿಕ್ಕ ಅಂತ ಕುಣಿದೆ. ನನ್ನ ನಂತರದ ಸರದಿಯವನು ಆಮೆನ್ ಥಾಂಪ್ಸನ್‌ನನ್ನು ತಗೊಂಡ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತೆ. ಸ್ಕೂಟ್ ನೂರು ಹೊಡೆದರೆ 38 ಒಳಗೆ ಹೋಗೋದು, ನನ್ನ ಫೀಲ್ಡ್ ಗೋಲ್ ಪರ್ಸೆಂಟೇಜ್ ಪಾತಾಳಕ್ಕೆ. ಕೇಡ್ ಆಡುವ ಡೆಟ್ರಾಯಿಟ್ ಒಂದೇ ಸಮನೆ 28 ಆಟ ಸೋತಿತು, ಸೀಸನ್ನಿಗೆ 14 ಗೆಲುವು. ನಾನು ಹನ್ನೊಂದನೇ ಜಾಗ.

ಇದರ ಮಧ್ಯೆ ಇನ್ನೊಂದು ದುಡ್ಡಿಲ್ಲದ ಲೀಗ್‌ನಲ್ಲಿ ಬೇರೆ ಪ್ರಯೋಗ ಮಾಡಿದೆ. ಇದ್ದಬದ್ದ ಎಲ್ಲರನ್ನೂ ಮಾರಿ ಬರೀ ಪಿಕ್ ಇಟ್ಟುಕೊಂಡೆ, ಏಳೋ ಎಂಟೋ ಇರಬೇಕು. ಪಿಕ್ ಅಂದರೆ ಚೀಟಿ ಹಾಕಿದ ಹಾಗೆ, ಕೈಗೆ ಬರೋ ತನಕ ಲೆಕ್ಕ ಚೆನ್ನಾಗಿರುತ್ತೆ. ಬಂದ ರೂಕಿಗಳಲ್ಲಿ ಇಬ್ಬರು ನಿಂತರು ಅಷ್ಟೇ. ಆಮೇಲಿಂದ ನನ್ನ ನಿಯಮ ಒಂದೇ. ಸ್ಟಾರ್‌ನನ್ನು ಮಾರಿದರೆ ಒಂದು ಪಿಕ್, ಜೊತೆಗೆ ಆಗಲೇ ಆಟ ತೋರಿಸಿದ ಇಬ್ಬರು ಹುಡುಗರು. ಮತ್ತೊಂದು ಶೀಟ್ ಕೂಡ ಮಾಡಿದ್ದೆ, ವಯಸ್ಸಾದ ಗಾರ್ಡ್‌ಗಳಲ್ಲಿ ಮೊದಲು ಯಾವುದು ಬೀಳುತ್ತೆ ಅಂತ. ನನ್ನ ಲೆಕ್ಕದಲ್ಲಿ ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯೋದು) ಮೊದಲು, ಫ್ರೀ ಥ್ರೋ (ಫೌಲ್‌ಗೆ ಸಿಗುವ ಎಸೆತ) ಕೊನೆಗೆ. ಸ್ಟೀಲ್ ಇಳೀತಿದೆ, ಪಾಯಿಂಟ್ ಮಾತ್ರ ನಿಂತಿದೆ ಅಂದ್ರೆ ನನಗೆ ಅದೇ ಎಚ್ಚರಿಕೆಯ ಗಂಟೆ.

2024ರ ಬೇಸಿಗೆಯಲ್ಲಿ ಸ್ಕೂಟ್‌ನನ್ನು ಕೊಟ್ಟು ಡೆನಿ ಆವ್ದಿಯಾನನ್ನು ತಗೊಂಡೆ, ಒಬ್ಬನಿಗೊಬ್ಬ. ಮತ್ತೆ ನಗು. ತಮಾಷೆ ಏನಪ್ಪಾ ಅಂದ್ರೆ ಪೋರ್ಟ್‌ಲ್ಯಾಂಡ್‌ಗೂ ಆವ್ದಿಯಾ ಬಂದಿದ್ದು ಲಿಲ್ಲಾರ್ಡ್ ದುಡ್ಡಿನಲ್ಲೇ. ಲಿಲ್ಲಾರ್ಡ್ ಕೊನೆಗೆ ಮಯಾಮಿಗಲ್ಲ, ಮಿಲ್ವಾಕಿಗೆ ಹೋಗಿ ಜ್ರೂ ಹಾಲಿಡೇ ಬಂದ, ಅವನನ್ನು ಬಾಸ್ಟನ್‌ಗೆ ಕೊಟ್ಟಾಗ ಬಂದ ಬ್ರಾಗ್ಡನ್ ಮತ್ತು ಪಿಕ್‌ಗಳನ್ನು ವಾಷಿಂಗ್ಟನ್‌ಗೆ ಕೊಟ್ಟು ಆವ್ದಿಯಾ. ಅವರು ಮೂರು ಮೆಟ್ಟಿಲಲ್ಲಿ ಮಾಡಿದ್ದನ್ನು ನಾನು ಎರಡರಲ್ಲಿ ಮಾಡಿದೆ. ಸ್ವಲ್ಪ ಜಂಬ ಇರಲಿ ಬಿಡಿ.

2024–25ರಲ್ಲಿ ಡೆಟ್ರಾಯಿಟ್ 44 ಗೆದ್ದಿತು, ಕೇಡ್ ಆಲ್‌ಸ್ಟಾರ್. ಜನವರಿಯಲ್ಲಿ ಜಾನ್ಸನ್ ಭುಜ ಹೋಯಿತು, ಸೀಸನ್ ಮುಗಿಯಿತು. ಮಾರ್ಚ್ ಕೊನೆಯ ವಾರ, ನಮ್ಮ ಫೈನಲ್, ಕೇಡ್‌ಗೆ ಮೀನಖಂಡದ ಏಟು. ನಾನು ಆಸೆ ಬಿಟ್ಟಿದ್ದೆ. ಆದರೆ ಆ ತಿಂಗಳಿಡೀ ಆವ್ದಿಯಾ ಭರ್ಜರಿಯಾಗಿ ಆಡಿದ. 5–4ರಲ್ಲಿ ಗೆದ್ದೆ. ಎದುರಿಗಿದ್ದವನು ಅದೇ ಡಲ್ಲಾಸ್ ಗೆಳೆಯ, ಲಿಲ್ಲಾರ್ಡ್‌ಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಆ ವಾರ ಅವನೂ ಹೊರಗೆ.

ಏಳು ವರ್ಷಕ್ಕೆ 700 ಹಾಕಿದ್ದೆ, ಒಮ್ಮೆ ಮೂರನೇ ಜಾಗದ 100 ಬಂದಿತ್ತು, ಈಗ 800. ಆಟ ನೋಡೋಕೆ ಕಟ್ಟುವ ಲೀಗ್ ಪಾಸ್ ದುಡ್ಡು ಸೇರಿಸಿದರೆ ಇನ್ನೂ ನಷ್ಟವೇ ಅಂತ ನನ್ನ ಹೆಂಡತಿ ಲೆಕ್ಕ ಒಪ್ಪಿಸಿದಳು.

2025ರ ಏಪ್ರಿಲ್‌ನಲ್ಲಿ ಲಿಲ್ಲಾರ್ಡ್ ಹಿಮ್ಮಡಿ ನರ ಹರಿಯಿತು. ಮಿಲ್ವಾಕಿ ಕೈ ಬಿಟ್ಟಿತು, ಅವನು ಪೋರ್ಟ್‌ಲ್ಯಾಂಡ್‌ಗೇ ವಾಪಸ್ ಬಂದ. ನಮ್ಮ ಲೀಗ್‌ನಲ್ಲೂ ಅವನನ್ನು ಕೈ ಬಿಟ್ಟರು. ರಾತ್ರಿ ಹನ್ನೊಂದಕ್ಕೆ ಯಾರಿಗೂ ಹೇಳದೆ ಒಂದು ಡಾಲರ್ ಬಿಡ್ ಹಾಕಿದೆ. ಬೇರೆ ಯಾರೂ ಹಾಕಿರಲಿಲ್ಲ. ಈಗ ನನ್ನ ಇಂಜುರಿ ಜಾಗದಲ್ಲಿ ಇದ್ದಾನೆ, ಇರಲಿ.