ಎರೆಭೂಮಿಯ ಮನೆಗೆ ಸೆಪ್ಟಿಕ್ ಟ್ಯಾಂಕ್: ತುಂಬಿದ್ದು ಯಾವುದೆಂದು ಮೊದಲು ನೋಡಿ

ಮೃಗಶಿರ ಮಳೆ ಎರಡು ದಿನ ಬಿಡದೆ ಹೊಡೆದರೆ ಸಾಕು, ವಿಜಯಪುರದ ಹೊರವಲಯದ ಬಡಾವಣೆಗಳಲ್ಲಿ ಸಕ್ಕಿಂಗ್ ಗಾಡಿಗೆ ಪಾಳಿ ಹಚ್ಚಬೇಕಾಗುತ್ತದೆ. ಒಳಚರಂಡಿ ಇನ್ನೂ ಬಾರದ ಮನೆಗಳಲ್ಲಿ ಶೌಚಾಲಯದ ನೀರು ಇಳಿಯುವುದು ನಿಂತಿತೆಂದರೆ ಎಲ್ಲರೂ ಹೇಳುವುದು “ಟ್ಯಾಂಕ್ ತುಂಬೇತಿ” ಎಂದೇ. ನಾನೂ ಹಾಗೆಯೇ ತಿಳಿದು ಒಂದೇ ಮಳೆಗಾಲದಲ್ಲಿ ಎರಡು ಸಲ ಗಾಡಿ ಕರೆಸಿದ್ದೇನೆ. ಎರಡನೆಯ ಸಲ ಟ್ಯಾಂಕಿನ ನೀರು ಅರ್ಧಕ್ಕೆ ಇಳಿದಾಗ, ಹೊರಹೋಗುವ ಕೊಳವೆಯ ಬಾಯಿಂದ ಬೂದುಬಣ್ಣದ ನೀರು ಧಾರೆಯಾಗಿ ಮರಳಿ ಟ್ಯಾಂಕಿಗೇ ಸುರಿಯುತ್ತಿದ್ದುದು ಕಣ್ಣಿಗೆ ಬಿತ್ತು. ತುಂಬಿದ್ದು ಟ್ಯಾಂಕಿನ ಮುಂದಿನ ಇಂಗುಗುಂಡಿ; ನಾನು ದುಡ್ಡು ಕೊಟ್ಟು ಖಾಲಿ ಮಾಡಿಸುತ್ತಿದ್ದುದು ಟ್ಯಾಂಕನ್ನು.

ಸರಿಯಾಗಿ ಕೆಲಸ ಮಾಡುವ ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ನೀರಿನಿಂದ ತುಂಬಿಯೇ ಇರುತ್ತದೆ. ಒಂದು ಕೊಡ ನೀರು ಒಳಗೆ ಬಂದರೆ ಒಂದು ಕೊಡ ನೀರು ಆಚೆ ಹೋಗುತ್ತದೆ. ಭಾರವಾದುದು ತಳಕ್ಕೆ ಕೂತು ಕೆಸರಾಗುತ್ತದೆ, ಜಿಡ್ಡು ಮೇಲೆ ಕೆನೆಯಂತೆ ಕಟ್ಟುತ್ತದೆ, ನಡುವಿನ ತಿಳಿ ಮಾತ್ರ ಇಂಗುಗುಂಡಿಗೆ ಹರಿಯುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಸರಿನ ಒಂದು ಭಾಗವನ್ನು ಕರಗಿಸುತ್ತವೆ, ಉಳಿದುದು ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುತ್ತದೆ. ನಮ್ಮ ಭಾಗದ ತೊಡಕಿರುವುದು ಮಣ್ಣಿನಲ್ಲಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಎರೆಮಣ್ಣು, ಮಳೆ ಬಿದ್ದೊಡನೆ ಉಬ್ಬಿ ತನ್ನ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಏಪ್ರಿಲ್‌ನಲ್ಲಿ ಯಾವ ತಕರಾರನ್ನೂ ಮಾಡದ ಇಂಗುಗುಂಡಿ ಜುಲೈನಲ್ಲಿ ಹನಿ ನೀರನ್ನೂ ಹೀರುವುದಿಲ್ಲ.

ಕೆಸರನ್ನು ಅಳೆಯುವುದು ಮನೆಯವರೇ ಮಾಡಬಹುದಾದ ಕೆಲಸ. ಎಂಟು ಅಡಿಯ ಬಿದಿರ ಗಳದ ಕೆಳತುದಿಗೆ ಮೂರು ಅಡಿ ಎತ್ತರದವರೆಗೆ ಹಳೆಯ ಬಿಳಿ ಟವೆಲ್ಲನ್ನು ಸುತ್ತಿ ದಾರದಿಂದ ಬಿಗಿಯಿರಿ. ಮುಚ್ಚಳ ಸರಿಸಿದ ಮೇಲೆ ಅರ್ಧ ಗಂಟೆ ಗಾಳಿಯಾಡಲು ಬಿಡಿ. ಬೀಡಿ, ಕಡ್ಡಿಪೆಟ್ಟಿಗೆ ಹತ್ತಿರ ಸುಳಿಯಬಾರದು, ಒಳಗಿನ ಮೀಥೇನ್ ಹೊತ್ತಿಕೊಳ್ಳುವ ಅನಿಲ. ತಲೆಯನ್ನು ಬಾಯಿಯ ಮೇಲೆ ಬಾಗಿಸದೆ, ಹೊರಕೊಳವೆಯ ಪಕ್ಕದಲ್ಲಿ ಗಳವನ್ನು ತಳ ಮುಟ್ಟುವವರೆಗೆ ನಿಧಾನವಾಗಿ ಇಳಿಸಿ, ಎರಡು ಮೂರು ನಿಮಿಷ ಹಾಗೆಯೇ ಹಿಡಿದು ನೇರವಾಗಿ ಮೇಲೆತ್ತಿರಿ. ಕೆಸರು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಬಟ್ಟೆಗೆ ಕಪ್ಪು ಕಣಗಳು ಅಂಟಿರುತ್ತವೆ, ಅದರ ಮೇಲೆ ಬರಿಯ ತೇವವಿರುತ್ತದೆ. ತಳದ ಕೆಸರು ಮತ್ತು ಮೇಲಿನ ಕೆನೆ ಸೇರಿ ನೀರಿನ ಆಳದ ಮೂರನೆಯ ಒಂದು ಭಾಗವಾಗಿದ್ದರೆ ಗಾಡಿ ಕರೆಸುವ ಕಾಲ ಬಂದಿದೆ. ಅರ್ಧ ದಾಟಿದ್ದರೆ ತಡವಾಗಿದೆ, ಏಕೆಂದರೆ ಆಗ ಕೆಸರು ತಿಳಿನೀರಿನ ಜೊತೆ ಇಂಗುಗುಂಡಿಗೆ ಹೋಗಿ ಮಣ್ಣಿನ ರಂಧ್ರಗಳನ್ನು ಕಾಯಂ ಆಗಿ ಮುಚ್ಚುತ್ತದೆ. ಐದು ಜನರ ಮನೆಗೆ ಭಾರತೀಯ ಮಾನಕದ ಐಎಸ್ 2470 ಹೇಳುವ ಕನಿಷ್ಠ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ ಮತ್ತು ಸುಮಾರು 1 ಮೀಟರ್ ನೀರಿನ ಆಳ. ಇಷ್ಟೇ ಅಳತೆಯ ಟ್ಯಾಂಕನ್ನು ಒಂದೆರಡು ವರ್ಷಕ್ಕೊಮ್ಮೆ ತೆಗೆಸಬೇಕಾಗುತ್ತದೆ; ಇದಕ್ಕಿಂತ ದೊಡ್ಡದಾದರೆ ಎರಡು ಮೂರು ವರ್ಷ ನಡೆಯುತ್ತದೆ.

ಕೆಸರು ಕಡಿಮೆಯಿದ್ದೂ ನೀರು ಹೊರಕೊಳವೆಯನ್ನು ಮುಳುಗಿಸಿ ಮೇಲೇರಿದ್ದರೆ ತಪ್ಪು ಮುಂದಿನ ಗುಂಡಿಯದು, ಅಥವಾ ಟ್ಯಾಂಕಿಗೂ ಗುಂಡಿಗೂ ನಡುವಿನ ಚೇಂಬರಿನದು. ಕೊಳವೆಯ ಮಟ್ಟಕ್ಕಿಂತ ಕೆಳಗೇ ನಿಂತಿದ್ದರೆ ಟ್ಯಾಂಕ್ ಎಲ್ಲೋ ಸೋರುತ್ತಿದೆ.

ಗಾಡಿಯನ್ನು ಮಳೆಗಾಲಕ್ಕೆ ಮೊದಲೇ, ಮೇ ತಿಂಗಳೊಳಗೆ ಕರೆಸುವುದು ಲೇಸು. ಮೇಲಿನ ನೀರನ್ನಷ್ಟೇ ಎಳೆದುಕೊಂಡು ಹೊರಡುವವರೂ ಇದ್ದಾರೆ, ಆದ್ದರಿಂದ ಪೈಪ್ ತಳ ಮುಟ್ಟಿ ಗಟ್ಟಿ ಕೆಸರು ಬರುವವರೆಗೆ ಅಲ್ಲಿಯೇ ನಿಂತಿರಿ. ಸ್ವಲ್ಪ ಕೆಸರು ತಳದಲ್ಲಿ ಉಳಿಯಲಿ, ಹೊಸ ನೀರಿಗೆ ಅದೇ ಹೆಪ್ಪು, ಗೋಡೆಯನ್ನು ತೊಳೆಸಬೇಡಿ. ಗಾಡಿ ಹೋದೊಡನೆ ಟ್ಯಾಂಕಿಗೆ ನೀರು ಬಿಟ್ಟು ತುಂಬಿಸಿರಿ. ಎರೆಮಣ್ಣು ಉಬ್ಬುವಾಗ ಖಾಲಿ ಟ್ಯಾಂಕಿನ ಗೋಡೆಯ ಮೇಲೆ ಹೊರಗಿನಿಂದ ಒತ್ತಡ ಬೀಳುತ್ತದೆ, ಒಳಗಿನ ನೀರು ಅದಕ್ಕೆ ಎದುರು ಕೊಡುತ್ತದೆ. ಎಳೆದುದನ್ನು ಎಲ್ಲಿ ಬಿಡುತ್ತಾರೆಂದು ಕೇಳುವುದು ನಮ್ಮದೇ ಜವಾಬ್ದಾರಿ. ಹಸಿ ಕೆಸರಿನಲ್ಲಿ ಜಂತುಹುಳುವಿನ ಮೊಟ್ಟೆಗಳು ಬಹುಕಾಲ ಬದುಕುತ್ತವೆಯಾದ್ದರಿಂದ ಹಳ್ಳಕ್ಕೂ ಕಾಯಿಪಲ್ಲೆಯ ಹೊಲಕ್ಕೂ ಅದು ಹೋಗಬಾರದು.

ಯಾವ ಕಾರಣಕ್ಕೂ ಮನುಷ್ಯರನ್ನು ಟ್ಯಾಂಕಿನೊಳಗೆ ಇಳಿಸಬಾರದು. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಸತ್ತಂತೆ ಮಾಡುತ್ತದೆ. ವಾಸನೆ ನಿಂತಿತು, ಇನ್ನು ಇಳಿಯಬಹುದು ಎಂದುಕೊಂಡ ಕ್ಷಣದಲ್ಲೇ ಪ್ರಾಣ ಹೋಗುತ್ತದೆ. ಒಬ್ಬರು ಬಿದ್ದರೆಂದು ಎತ್ತಲು ಇಳಿದವರೂ ಹಾಗೆಯೇ ಸಾಯುತ್ತಾರೆ, ಆದ್ದರಿಂದ 112ಕ್ಕೆ ಕರೆ ಮಾಡಿ ಹೊರಗೇ ನಿಲ್ಲಬೇಕು. ರಕ್ಷಣಾ ಸಲಕರಣೆಯಿಲ್ಲದೆ ಯಾರನ್ನಾದರೂ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧವಾಗಿದ್ದು, ಇಳಿಸಿದ ಮನೆಯ ಮಾಲೀಕನೂ ಅದರ ವ್ಯಾಪ್ತಿಗೆ ಬರುತ್ತಾನೆ.

ದಿನನಿತ್ಯದ ಎಚ್ಚರಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಸುರಿದಷ್ಟೂ ಒಳಗಿನ ಜೀವಿಗಳು ಸಾಯುತ್ತವೆ. ಪ್ಯಾಡು, ಡೈಪರು, ಗುಟ್ಕಾ ಚೀಟಿ ಎಂದೂ ಕರಗುವುದಿಲ್ಲ. ಹೊಸ ಟ್ಯಾಂಕಿಗೆ ಒಂದು ಬುಟ್ಟಿ ಸಗಣಿ ಕದಡಿ ಹಾಕುವ ಹಿರಿಯರ ರೂಢಿಯಿಂದ ನಷ್ಟವಿಲ್ಲ, ಆದರೆ ಬಳಕೆಯಲ್ಲಿರುವ ಟ್ಯಾಂಕಿಗೆ ಅಂಗಡಿಯ ಪುಡಿಗಳೂ ಬೇಕಿಲ್ಲ, ಬೆಲ್ಲವೂ ಬೇಕಿಲ್ಲ. ಬಚ್ಚಲ ನೀರು ಮತ್ತು ಮಾಳಿಗೆಯ ಮಳೆನೀರನ್ನು ಮಾತ್ರ ಖಂಡಿತ ಬೇರೆ ಮಾಡಿ. ಬಚ್ಚಲದ್ದು ಹಿತ್ತಲ ಬಾಳೆಗೂ ಕರಿಬೇವಿಗೂ ಹೋಗಲಿ. ಗಾಳಿಕೊಳವೆಯ ತುದಿಗೆ ಸೊಳ್ಳೆ ಜಾಳಿಗೆ ಕಟ್ಟಿರಿ, ಅದು ಹರಿದಿದ್ದರೆ ಓಣಿಯ ಸೊಳ್ಳೆಗಳೆಲ್ಲ ನಿಮ್ಮ ಟ್ಯಾಂಕಿನಲ್ಲೇ ಹುಟ್ಟುತ್ತವೆ.

ಇಂಗುಗುಂಡಿಯನ್ನು ಹೊಸದಾಗಿ ತೋಡಿಸುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಗುಂಡಿಯ ಆಳಕ್ಕೆ ಚಿಕ್ಕ ಕುಳಿ ತೆಗೆದು, ರಾತ್ರಿಯಿಡೀ ನೀರು ಕುಡಿಸಿ, ಮರುದಿನ ಅರ್ಧ ಅಡಿ ನೀರು ನಿಲ್ಲಿಸಿ ನೋಡಿರಿ. ಒಂದು ಇಂಚು ಇಳಿಯಲು ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಆ ಮಣ್ಣಿನಲ್ಲಿ ಇಂಗುಗುಂಡಿ ನಡೆಯುವುದಿಲ್ಲ. ಎರೆಯ ಕೆಳಗೆ ಗರಸು (ನೀರಿಳಿಯುವ ಒರಟು ಮಣ್ಣು) ಸಿಗುವ ಕಡೆ, ಅಂತರ್ಜಲ ಆಳದಲ್ಲಿದ್ದರೆ, ಗರಸಿನವರೆಗೆ ತೋಡಿಸಿ ಸುತ್ತಲೂ ಜಲ್ಲಿ ತುಂಬಿಸಬಹುದು. ನಾನು ಕೊನೆಗೆ ಎರಡನೆಯ ಗುಂಡಿ ಮಾಡಿಸಿ, ನಡುವಿನ ಚೇಂಬರಿನಲ್ಲಿ ಒಂದು ಬಾಯಿಗೆ ಬಿರಡೆ ಹಾಕಿ, ವರ್ಷಕ್ಕೊಂದರಂತೆ ಬದಲಾಯಿಸುತ್ತಿದ್ದೇನೆ. ಬಿಡುವು ಸಿಕ್ಕ ಗುಂಡಿ ಒಣಗಿ ಮತ್ತೆ ಹೀರುತ್ತದೆ.

ಬೆಳಗಾವಿಯ ಕೆಂಪುಮಣ್ಣಿನವರಿಗೆ ಇದರ ತಿರುವುಮುರುವು ಚಿಂತೆ. ಅಲ್ಲಿ ನೀರು ಸಲೀಸಾಗಿ ಇಂಗುತ್ತದೆ, ಆದ್ದರಿಂದ ಸೇದುವ ಬಾವಿಯಿಂದ ಇಂಗುಗುಂಡಿ ಕನಿಷ್ಠ 18 ಮೀಟರ್ ದೂರವಿರಬೇಕು. “ಇಪ್ಪತ್ತು ವರ್ಷ ಆತು, ಒಮ್ಮೆನೂ ತೆಗೆಸಿಲ್ಲ” ಎಂದು ಹೆಮ್ಮೆಪಡುವ ಮನೆಗಳಲ್ಲಿ ಗೌಂಡಿ ತಳವೇ ಇಲ್ಲದ ಗುಂಡಿ ಕಟ್ಟಿರುವ ಸಂಭವ ಹೆಚ್ಚು. ಅಂಥವರು ಮೊದಲು ಬಾವಿಯ ನೀರನ್ನು ಪರೀಕ್ಷೆಗೆ ಕೊಡುವುದು ಒಳ್ಳೆಯದು.

ನಮ್ಮ ಮನೆಯ ಮೀಟರ್ ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಗಾಡಿ ಬಂದ ತಾರೀಖು, ಕೆಸರಿನ ಅಳತೆ, ಯಾವ ಗುಂಡಿ ಚಾಲೂ ಇದೆ ಎಂಬುದನ್ನು ಮಾರ್ಕರ್‌ನಿಂದ ಬರೆದಿಟ್ಟಿದ್ದೇನೆ. ಅಂಗಳಕ್ಕೆ ಫರಸಿ ಹಾಸುವಾಗ ಮುಚ್ಚಳ ಎಲ್ಲಿದೆಯೆಂದು ಗೌಂಡಿಗೆ ತೋರಿಸಿದ್ದೂ ಆ ಬಾಗಿಲ ಮೇಲಿನ ಗೆರೆಚಿತ್ರವೇ.