ಹಳದಿ ಹಿಡಿದ ಜೆಟ್‌ಫೈರ್ ಬೆಳ್ಳಗಾಯ್ತು: ನನ್ನ ಅನುಭವ

ಜೆಟ್‌ಫೈರ್ ಅಂದ್ರೆ ವಿಮಾನದಿಂದ ರೋಬೋ ಆಗೋ ಹಳೇ ಬಿಳಿ ಟ್ರಾನ್ಸ್‌ಫಾರ್ಮರ್ಸ್ ಆಟಿಕೆ. ಹಳದಿಯಾದ ಅದನ್ನ ಮತ್ತೆ ಬೆಳ್ಳಗೆ ಮಾಡ್ತೀನಿ ಅಂದಾಗ, ನಮ್ಮ ಆಟಿಕೆ ಕಲೆಕ್ಟರುಗಳ ಗುಂಪಲ್ಲಿ ಇದು ಆಗಲ್ಲ ಅಂದವರು ಕಮ್ಮಿ ಅಂದ್ರೂ ಆರೇಳು ಜನ. "ಮೆಡಿಕಲ್ ಶಾಪಿನ ಆರು ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡು, ಅದೂ ಬರೀ ಬೆಳಗಿನ ಬಿಸಿಲು, ಇಷ್ಟಕ್ಕೆ 1985ರ ಹಳದಿ ಹೋಗತ್ತೇನ್ರೀ?" ಅಂತ ಬೆಂಗಳೂರಿನ ಹಿರಿಯ ಕಲೆಕ್ಟರ್ ಒಬ್ರು ನೇರವಾಗೇ ಕೇಳಿದ್ರು. ಹೋಯ್ತು ಸಾರ್. ಎರಡು ವರ್ಷದ ಮೇಲಾಯ್ತು, ರೆಕ್ಕೆ ಇನ್ನೂ ಬೆಳ್ಳಗಿದೆ. ಅದಕ್ಕೇ ಇದನ್ನ ಬರೀತಾ ಇದೀನಿ.

ನಾನು ಹೊಸದು ಹಳೇದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋ ಪೈಕಿ. ಡಬ್ಬಿಯೊಳಗೆ ಸೀಲ್ ಮಾಡಿಟ್ಟು ಕೂರೋದು ನನಗೆ ಒಗ್ಗಲ್ಲ. 1984ರ ಮೂಲ ಕಾನ್ವಾಯ್ ಅಚ್ಚು (ಟ್ರಕ್ಕಿಂದ ರೋಬೋ ಆಗೋದು, ಆಪ್ಟಿಮಸ್ ಪ್ರೈಮ್ ಅಂದ್ರೂ ಅದೇ, ಅದಕ್ಕೂ ಮುಂಚೆ ಟಕಾರಾ ಅನ್ನೋ ಜಪಾನಿ ಕಂಪನಿಯ ಆಟಿಕೆ ಸಾಲಾದ ಡಯಾಕ್ಲೋನ್‌ನಲ್ಲಿ ಬ್ಯಾಟಲ್ ಕಾನ್ವಾಯ್ ಆಗಿದ್ದಿದ್ದು), ಅದರದೇ ಹೊಸ ಮಾಡೆಲುಗಳಾದ 2011ರ ಎಂಪಿ-10, 2019ರ ಎಂಪಿ-44, ಈಗ 2024ರ ಮಿಸ್ಸಿಂಗ್ ಲಿಂಕ್, ಇಷ್ಟನ್ನೂ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯ್ತು. ಜನ ಹಳೇದನ್ನ ಹೊಸದರ ಜೊತೆ ಹೋಲಿಸ್ತಾರಲ್ಲ, ಅವರು ಹೋಲಿಸೋದು ಡಿಸೈನನ್ನಲ್ಲ, ವಯಸ್ಸನ್ನ. ಕೀಲು ಸಡಿಲ ಆಗಿ, ಸ್ಟಿಕ್ಕರ್ ಕಿತ್ತು, ಪ್ಲಾಸ್ಟಿಕ್ ಹಳದಿಯಾಗಿ, ಮುಷ್ಟಿ ಕಳೆದುಹೋಗಿರೋ ಆಟಿಕೆನ ನಿನ್ನೆ ಡಬ್ಬಿಯಿಂದ ತೆಗೆದದ್ದರ ಪಕ್ಕ ನಿಲ್ಸಿ "ಹಳೇದು ಇಟ್ಟಿಗೆ ಕಣ್ರೀ" ಅಂದ್ಬಿಡ್ತಾರೆ. ಮೊದಲು ಹಳೇದನ್ನ ಅಂಗಡಿಯಿಂದ ಬಂದ ದಿನದ ಹಾಗೆ ಮಾಡ್ಬೇಕು, ಆಮೇಲೆ ತಕ್ಕಡಿಗೆ ಹಾಕ್ಬೇಕು. ನನ್ನ ಹಠ ಇಷ್ಟೇ.

ಹಠಕ್ಕೆ ಬಿದ್ದದ್ದು ಜೆಟ್‌ಫೈರ್ ಮೇಲೆ, ಯಾಕಂದ್ರೆ ಹಳದಿ ವಿಷಯದಲ್ಲಿ ಅದರಷ್ಟು ಕೆಟ್ಟ ಹೆಸರು ಇನ್ಯಾವುದಕ್ಕೂ ಇಲ್ಲ, ನಿಮಗೂ ಗೊತ್ತು. ಇದರ ಹುಟ್ಟು ಟಕಾರಾದ್ದಲ್ಲ, ಟಕಾಟೊಕು ಅನ್ನೋ ಇನ್ನೊಂದು ಜಪಾನಿ ಕಂಪನಿದು, ಮ್ಯಾಕ್ರಾಸ್ ಅನ್ನೋ ಕಾರ್ಟೂನಿನ ವಾಲ್ಕಿರಿ ವಿಮಾನದ (ವಿಎಫ್-1ಎಸ್) 1/55 ಅಳತೆ ಮಾಡೆಲು. ಟಕಾಟೊಕು ಮುಳುಗಿದ ಮೇಲೆ ಅಚ್ಚು ಟಕಾರಾದ ಪ್ರತಿಸ್ಪರ್ಧಿ ಬ್ಯಾಂಡೈ ಕೈಗೆ ಹೋಯ್ತು, ಹಾಗಾಗಿ ಜಪಾನಲ್ಲಿ ಟಕಾರಾ ಇದನ್ನ ಟ್ರಾನ್ಸ್‌ಫಾರ್ಮರ್ಸ್ ಅಂತ ಮಾರಲೇ ಇಲ್ಲ. ಅದಕ್ಕೇ ಜೆಟ್‌ಫೈರ್ ಬೇಕಂದ್ರೆ ಹಳೇ ಆಟಿಕೆ ಅಂಗಡಿಗಳಿರೋ ಟೋಕಿಯೋದ ನಕಾನೊ ಬ್ರಾಡ್ವೇ ಸುತ್ತೋದಕ್ಕಿಂತ ಅಮೆರಿಕದಲ್ಲಿ ಹುಡುಕೋದೇ ವಾಸಿ. ನಮ್ಮ ಭಾವ ನ್ಯೂಜೆರ್ಸಿಯಲ್ಲಿದ್ದಾರೆ, 2021ರಲ್ಲಿ ಅವರ ವಿಳಾಸಕ್ಕೆ ತರಿಸಿದೆ, 90 ಡಾಲರೋ ಏನೋ, ಆಗ ಸುಮಾರು ಏಳು ಸಾವಿರ ರೂಪಾಯಿ. ಅವರು ಊರಿಗೆ ಬರುವಾಗ ಸೂಟ್‌ಕೇಸಲ್ಲಿ ಬನಿಯನ್ ಸುತ್ತಿ ತಂದ್ರು. ನಮ್ಮಲ್ಲಿ ಆಟಿಕೆ ಮೇಲಿನ ಕಸ್ಟಮ್ಸ್ ಡ್ಯೂಟಿ 2020ರ ಬಜೆಟ್‌ನಲ್ಲಿ 20ರಿಂದ 60 ಪರ್ಸೆಂಟ್ ಆಗಿ 2023ರಲ್ಲಿ 70ಕ್ಕೆ ಏರಿತು, ಆ ಕಾಲದಲ್ಲಿ ಭಾವನಂಥವರಿಲ್ಲದೆ ಈ ಹವ್ಯಾಸ ನಡೀತಾ ಇರಲಿಲ್ಲ. (ಪಿಸ್ತೂಲಿಂದ ರೋಬೋ ಆಗೋ ಮೆಗಟ್ರಾನ್ ಮಾತ್ರ ಇವತ್ತಿಗೂ ತರಿಸಿಲ್ಲ, ಆ ಹಳೇದು ವಾಲ್ಥರ್ ಪಿ38 ಪಿಸ್ತೂಲಿನ ತದ್ರೂಪು, ಅದನ್ನ ಸೂಟ್‌ಕೇಸಲ್ಲಿಟ್ಕೊಂಡು ಬನ್ನಿ ಅಂತ ಭಾವಂಗೆ ಹೇಳೋದು ತಪ್ಪು.)

ಬಿಚ್ಚಿ ನೋಡಿದ್ರೆ ಒಂದೊಂದು ಭಾಗ ಒಂದೊಂದು ಬಣ್ಣ. ಎಡಗಾಲು ಬೆಲ್ಲದ ಪಾಕ, ಬಲಗಾಲು ಬೆಣ್ಣೆ, ಮೂತಿ ಅವಲಕ್ಕಿ, ಒಳಗಡೆ ಬಿಸಿಲೇ ಬೀಳದ ಜಾಗವೂ ಹಳದಿ. ಕೆಂಪು ಆರ್ಮರ್‌ನಲ್ಲಿ ಎರಡು ಪೀಸ್ ಇಲ್ಲ, ಗನ್ ಇಲ್ಲ. ಕೊಟ್ಟವನು ಫೋಟೋದಲ್ಲಿ ಲೈಟ್ ಹಾಕಿ ಮುಚ್ಚಿಟ್ಟಿದ್ದ. ಆದ್ರೆ ಲ್ಯಾಂಡಿಂಗ್ ಗೇರ್ ಮೂರೂ ಇತ್ತು, ರೆಕ್ಕೆ ಒಡೆದಿರಲಿಲ್ಲ, ಟಕಾಟೊಕು ಮುದ್ರೆ ಇರೋ ಮೊದಲ ಬ್ಯಾಚು. ಅಷ್ಟು ಸಾಕಿತ್ತು.

ಹಳದಿ ಯಾಕಾಗತ್ತೆ ಅನ್ನೋ ಪುರಾಣ ಇಲ್ಲಿ ಬೇಡ, ನೇರ ನಾನು ಹಾಳು ಮಾಡಿದ್ದಕ್ಕೆ ಬರ್ತೀನಿ.

ಮೊದಲನೇ ಸಲ ಎಲ್ಲರೂ ಹೇಳೋ ದಾರಿನೇ ಹಿಡಿದೆ. ಬ್ಯೂಟಿ ಪಾರ್ಲರಿನ 12 ಪರ್ಸೆಂಟ್ ಪೆರಾಕ್ಸೈಡ್ ಕ್ರೀಮು, 40 ವಾಲ್ಯೂಮ್ ಅಂತಾರಲ್ಲ ಅದು, ಬ್ರಶ್ಶಲ್ಲಿ ಬಳಿದು ಕ್ಲಿಂಗ್ ಫಿಲ್ಮ್ ಸುತ್ತಿ ಮಧ್ಯಾಹ್ನದ ಬಿಸಿಲಿಗೆ ಇಟ್ಟೆ. ಅದೃಷ್ಟಕ್ಕೆ ಜೆಟ್‌ಫೈರ್ ಮೇಲೆ ಅಲ್ಲ, ಟ್ರಯಲ್‌ಗೆ ಅಂತ ತಗೊಂಡಿದ್ದ ಮುರುಕಲು ಬ್ಯಾಂಡೈ ವಾಲ್ಕಿರಿ ರೆಕ್ಕೆ ಮೇಲೆ. ಫಿಲ್ಮು ಮುದುರಿದ ಕಡೆಯೆಲ್ಲ ಹಾವಿನ ಥರ ಬಿಳಿ ಗೆರೆ, ಗುಳ್ಳೆ ನಿಂತ ಕಡೆ ಹಳದಿ ಮಚ್ಚೆ. ಇವತ್ತಿಗೂ ಆ ರೆಕ್ಕೆ ನನ್ನ ಡ್ರಾಯರಲ್ಲಿದೆ, ಹೊಸಬರು ಬಂದ್ರೆ ತೋರಿಸ್ತೀನಿ.

ಎರಡನೇ ಸಲ ಕ್ರೀಮ್ ಬಿಟ್ಟು ದ್ರಾವಣ, ಆದ್ರೆ ಆತುರ. ಇಂಡಸ್ಟ್ರಿಯಲ್ ಪೆರಾಕ್ಸೈಡು ತಂದು ಅಂದಾಜಲ್ಲಿ ನೀರು ಬೆರೆಸಿ ಏಪ್ರಿಲ್ ತಿಂಗಳು ಹನ್ನೆರಡು ಗಂಟೆಗೆ ತಾರಸಿ ಮೇಲೆ ಇಟ್ಟೆ. ನೀರು ಮುಟ್ಟೋಕಾಗಲ್ಲ ಅಷ್ಟು ಬಿಸಿ. ಮೂತಿ ಭಾಗ ಮೂರೇ ಗಂಟೆಗೆ ಬೆಳ್ಳಗಾಯ್ತು ನಿಜ, ಕುಣಿದಾಡಿದೆ, ಒರೆಸಿ ನೋಡಿದ್ರೆ ಸುಣ್ಣ. ಮೇಲ್ಪದರ ಸತ್ತು ಹೊಳಪೇ ಇಲ್ಲ, ಉಗುರಲ್ಲಿ ಕೆರೆದ್ರೆ ಪುಡಿ. ಇದು ಮಾತ್ರ ನಿಜವಾದ ಜೆಟ್‌ಫೈರ್‌ದೇ. ಬದಲಿ ಮೂತಿ ಹುಡುಕಿ ತರಿಸೋಕೆ ಐದು ತಿಂಗಳು, ಸುಮಾರು ಎರಡೂವರೆ ಸಾವಿರ. ಅದೇ ದಿನ ಗ್ಲೌಸ್ ಇಲ್ದೆ ಮುಟ್ಟಿ ಬೆರಳ ತುದಿ ಬೆಳ್ಳಗಾಗಿ ಸಂಜೆವರೆಗೂ ಉರಿದದ್ದು ಬೇರೆ. ಯಾರೂ ಹಾಗೆ ಮಾಡ್ಬೇಡಿ, ಮತ್ತೆ ಮುಚ್ಚಳ ಬಿಗಿಯಾಗಿ ಹಾಕಿದ ಡಬ್ಬದಲ್ಲಂತೂ ಇಡ್ಲೇಬೇಡಿ, ಗ್ಯಾಸ್ ತುಂಬ್ಕೊಳತ್ತೆ.

ದಾರಿ ಸಿಕ್ಕಿದ್ದು ನಮ್ಮಮ್ಮನಿಂದ. ಅವತ್ತು ಅಮ್ಮ ತಾರಸಿಲಿ ಅಕ್ಕಿ ಸಂಡಿಗೆ ಇಟ್ಟಿದ್ರು, ಪಕ್ಕದಲ್ಲಿ ನನ್ನ ಗಾಜಿನ ಬೋಗುಣಿ. "ಏನೋ ಇದು, ಸಂಡಿಗೆ ಪಕ್ಕ ಬೊಂಬೆ ಕಾಲು ನೆನೆ ಹಾಕಿದ್ಯಾ" ಅಂತ ಬೈದು, ಆಮೇಲೆ ಕೂತು ಪೂರ್ತಿ ಕೇಳಿದ್ರು. ಕೇಳಿಸ್ಕೊಂಡು ಹೇಳಿದ್ದು, "ಉರಿಬಿಸಿಲಿಗೆ ಒಂದೇ ಸಲ ಒಡ್ಡಿದ್ರೆ ಮೇಲೆ ಒಣಗತ್ತೆ, ಒಳಗೆ ಹಸಿ ಉಳಿಯತ್ತೆ ಕಣೋ. ಎಳೆ ಬಿಸಿಲಲ್ಲಿ ಇಡು, ಮಗುಚ್ತಾ ಇರು, ನಾಲ್ಕು ದಿನ ಆದ್ರೂ ಆಗ್ಲಿ." ನಾನು ಎರಡು ವರ್ಷ ವಿಡಿಯೋ ನೋಡಿ ಕಲೀದೇ ಇದ್ದದ್ದು ಅಷ್ಟರಲ್ಲಿ ಇತ್ತು.

ಹಾಗಾಗಿ ಈಗ ನಾನು ಮಾಡೋದು ಹೀಗೆ. ಪೂರ್ತಿ ಬಿಚ್ಚಬೇಕು, ಒಂದು ಸ್ಕ್ರೂ ಕೂಡ ಉಳಿಸಬಾರದು, ಲೋಹ ಸೋಕಿದ್ರೆ ಪೆರಾಕ್ಸೈಡು ಅಲ್ಲೇ ಬುಸ್ ಅಂತ ನೊರೆ ಬಂದು ಸುತ್ತ ಮಚ್ಚೆ ಆಗತ್ತೆ. ಬಿಚ್ಚೋಕೆ ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಬೇಡ, ಜಪಾನಿ ಸ್ಕ್ರೂ ಜೆಐಎಸ್ ಅಳತೆದು, ಫಿಲಿಪ್ಸ್ ಹಾಕಿದ್ರೆ ತಲೆ ತಿಂದುಹಾಕತ್ತೆ. ನಾನು ಹಾಗೆ ಎರಡು ಸ್ಕ್ರೂ ತಲೆ ಕೆಡಿಸಿ ಆಮೇಲೆ ಜೆಐಎಸ್ ಡ್ರೈವರ್ ತಗೊಂಡೆ, ಆರುನೂರೋ ಏಳುನೂರೋ. ಸ್ಟಿಕ್ಕರ್ ಇದ್ರೆ ಹೇರ್ ಡ್ರೈಯರ್ ಬಿಸಿ ಕೊಟ್ಟು ಎಬ್ಬಿಸಿ ಮೇಣದ ಕಾಗದದ ಮೇಲೆ ಇಡಿ. ರಬ್ ಸೈನ್ ಮೇಲೆ ಮಾತ್ರ ಡ್ರೈಯರ್ ಬೇಡ, ಅದು ಬೆರಳಿನ ಬಿಸಿಗೆ ಗುರುತು ತೋರಿಸೋ ಸ್ಟಿಕ್ಕರು, ನಾನು ಡ್ರೈಯರ್ ಹಿಡಿದು ಒಂದನ್ನ ಶಾಶ್ವತವಾಗಿ ಕಪ್ಪು ಮಾಡಿದೀನಿ. ಕೆಂಪು ಭಾಗ, ಕ್ರೋಮ್ ಭಾಗ ಯಾವುದೂ ಒಳಗೆ ಹೋಗಬಾರದು.

ಬೋಗುಣಿಲಿ 6 ಪರ್ಸೆಂಟ್ ಪೆರಾಕ್ಸೈಡು, ಮೆಡಿಕಲ್ ಶಾಪಲ್ಲಿ 20 ವಾಲ್ಯೂಮ್ ಅಂತ ಬಾಟಲಿ ಮೇಲೆ ಬರೆದಿರತ್ತೆ, ಭಾಗ ಪೂರ್ತಿ ಮುಳುಗಬೇಕು, ತೇಲಿದ್ರೆ ಮೇಲೆ ಗಾಜಿನ ತಟ್ಟೆ ಕವುಚಿ. ಬೋಗುಣಿನ ದೊಡ್ಡ ತಣ್ಣೀರಿನ ಟಬ್ಬೊಳಗೆ ಇಡ್ತೀನಿ, ಕೈ ಹಾಕಿದ್ರೆ ಹಿತವಾದ ಬೆಚ್ಚಗಿರಬೇಕು ಅಷ್ಟೆ. ಬೆಳಗ್ಗೆ ಎಂಟರಿಂದ ಹನ್ನೊಂದು, ಇಪ್ಪತ್ತು ನಿಮಿಷಕ್ಕೊಂದು ಸಲ ಮಗುಚೋದು, ಅಮ್ಮನ ಸಂಡಿಗೆ ಲೆಕ್ಕ. ಹನ್ನೊಂದಕ್ಕೆ ತೆಗೆದು ತೊಳೆದು ನೆರಳಲ್ಲಿ ಒಣಗಿಸಿ, ಹಳೇ ದಿನದ ಫೋಟೋ ಜೊತೆ ನೋಡೋದು. ದ್ರಾವಣಕ್ಕೆ ನಾನು ಇನ್ನೊಂದು ವಸ್ತು ಚಿಟಿಕೆ ಹಾಕ್ತೀನಿ, ಅದೂ ನಮ್ಮ ಅಡುಗೆಮನೆದೇ, ಅದನ್ನ ಇಲ್ಲಿ ಹೇಳಲ್ಲ, ಇನ್ನೂ ಎರಡು ಮಾಡೆಲ್ ಮೇಲೆ ನೋಡ್ಬೇಕು. ಕೊನೇ ದಿನ ತೆಗೆದ ಮೇಲೆ ಯಾವುದರಲ್ಲಿ ನೆನೆಸ್ತೀನಿ ಅನ್ನೋದೂ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಬೆಣ್ಣೆ ಬಣ್ಣದ ಬಲಗಾಲು ನಾಲ್ಕು ದಿನ. ಬೆಲ್ಲದ ಎಡಗಾಲು ಹತ್ತೋ ಹನ್ನೊಂದೋ. ಆರನೇ ದಿನ ನಿಲ್ಲಿಸಿಬಿಡೋಣ ಅನ್ನಿಸಿತ್ತು, ಏನೂ ಬದಲಾವಣೆ ಕಾಣ್ತಿರಲಿಲ್ಲ, ಆಗಲೇ ಗುಂಪಲ್ಲಿ ಫೋಟೋ ಹಾಕಿ ಬೈಸ್ಕೊಂಡಿದ್ದೆ. ಎಂಟನೇ ದಿನ ಬೆಳಗ್ಗೆ ತಟ್ಟೆ ಎತ್ತಿದಾಗ ಮೊಣಕಾಲಿನ ಅಂಚಲ್ಲಿ, ಆ ಸಣ್ಣ ಗೀರುಗಳ ಒಳಗೂ, ಬಿಳಿ. ಉಗುರಿನಷ್ಟು ಅಗಲ. ಅಲ್ಲಿಂದ ಮೂರು ದಿನದಲ್ಲಿ ಪೂರ್ತಿ. ಹೊಳಪು ಹಾಗೇ ಇದೆ, ಸುಣ್ಣ ಆಗಿಲ್ಲ. ಎಡಗಾಲಿನ ಹಿಮ್ಮಡಿ ಕಡೆ ಸ್ವಲ್ಪ ಕೆನೆ ಬಣ್ಣ ವಾಪಸ್ ಬಂದಿದೆ ಅನ್ನೋದನ್ನೂ ಒಪ್ಕೊಳ್ತೀನಿ, ಉಳಿದದ್ದೆಲ್ಲ ಗಟ್ಟಿ.

ನಡುವೆ ಕ್ರೋಮ್ ಹುಚ್ಚು ಹಿಡೀತು. ಕಾನ್ವಾಯ್ ಹೊಗೆ ಕೊಳವೆ ಸವೆದಿತ್ತು. ಸ್ಪ್ರೇ ಕ್ರೋಮ್ ಮೂರು ಥರದ್ದು ತಂದೆ, ಮೂರೂ ಬೆಳ್ಳಿ ಪೇಂಟ್ ಥರ ಕಾಣತ್ತೆ, ಕ್ರೋಮ್ ಥರ ಕಾಣಲ್ಲ. ಪೀಣ್ಯದಲ್ಲಿ ವಾಹನದ ಲ್ಯಾಂಪ್ ರಿಫ್ಲೆಕ್ಟರಿಗೆ ವ್ಯಾಕ್ಯೂಮ್ ಕೋಟಿಂಗ್ ಮಾಡೋ ಕಡೆ ಹೋಗಿ ಅಂಗೈ ಮೇಲೆ ಎರಡು ಕೊಳವೆ ಇಟ್ಟು ಕೇಳಿದೆ. ಲಾಟ್ ಇಲ್ದೆ ಚೇಂಬರ್ ಹಚ್ಚಲ್ಲ ಅಂದ್ರು, ನ್ಯಾಯವೇ. ಮೈಸೂರಿಂದ ಹೋಗಿಬಂದ ಪೆಟ್ರೋಲ್ ಎಲ್ಲ ಸೇರಿ ಎರಡು ಸಾವಿರ ಹೋಯ್ತು. ಯಾರಾದ್ರೂ ಹತ್ತು ಹದಿನೈದು ಜನ ಕೊಳವೆ ಸೇರಿಸಿದ್ರೆ ಮತ್ತೆ ಹೋಗೋಕೆ ನಾನು ರೆಡಿ.

ಇನ್ನು ಹೋಲಿಕೆ. ಅಡುಗೆಮನೆ ತಕ್ಕಡಿ, ವರ್ನಿಯರ್, ಸ್ಟಾಪ್‌ವಾಚು, ಒಂದೇ ಕಿಟಕಿ ಬೆಳಕು. ಸೀಜ್ ಅನ್ನೋ ಸಾಲಲ್ಲಿ ಬಂದ ಹೊಸ ಜೆಟ್‌ಫೈರ್ ಎತ್ತರ ಜಾಸ್ತಿ, ಮೊಣಕೈ ಮೊಣಕಾಲು ಸೊಂಟ ಎಲ್ಲ ಬಗ್ಗತ್ತೆ, ಕೀಲಲ್ಲಿ ಕಟಕಟ ಅನ್ನೋ ರಾಚೆಟ್, ಮೈತುಂಬ ಆಯುಧ ಸಿಕ್ಕಿಸೋ 5 ಮಿಲಿಮೀಟರ್ ತೂತು, ಎದೆ ಮೇಲಿನ ಗುರುತು ತಿರುಗಿಸಿ ಒಳ್ಳೆಯವರ ಪಕ್ಷ ಕೆಟ್ಟವರ ಪಕ್ಷ ಬದಲಾಯಿಸಬಹುದು. ಪೋಸ್ ಕೊಡೋದ್ರಲ್ಲಿ ಹಳೇದಕ್ಕೆ ಗೆಲ್ಲೋ ದಾರಿಯೇ ಇಲ್ಲ. ಆದ್ರೆ ವಿಮಾನ ಮಾಡಿ ನೋಡಿ. ಹಳೇದರ ರೆಕ್ಕೆ ಎರಡೂ ಹಿಂದಕ್ಕೆ ಸರಿಯುತ್ತೆ, ಗೇರ್ ಕೆಳಗಿಳಿಸಿ ಮೇಜಿನ ಮೇಲೆ ಇಟ್ರೆ ರನ್‌ವೇ ಮೇಲೆ ನಿಂತ ಹಾಗೆ ನಿಲ್ಲತ್ತೆ, ಅಡಿಯಲ್ಲಿ ಕೈಕಾಲು ಮಡಚಿ ಅಡಗಿಸಿರೋದು ಗೊತ್ತೇ ಆಗಲ್ಲ. ಹೊಸದನ್ನ ಕೆಳಗಿಂದ ನೋಡಿದ್ರೆ ರೋಬೋ ಬೋರಲು ಮಲಗಿದ ಹಾಗಿದೆ. ವಿಮಾನದಿಂದ ರೋಬೋಗೆ ನನ್ನ ಕೈಲಿ ಹಳೇದು ಐವತ್ತು ಸೆಕೆಂಡು, ಹೊಸದು ಎರಡೂವರೆ ನಿಮಿಷದ ಹತ್ರ. ಬಿಳಿ ಬಿಳಿಯಾಗಿದ್ದಾಗ ಕೆಂಪು ಆರ್ಮರ್ ಎದ್ದು ಕಾಣೋದು ನೋಡ್ಬೇಕು, ಸೀಜ್‌ನ ಯುದ್ಧದ ಕಲೆ ಬಳಿದ ಪೇಂಟ್ ಮುಂದೆ ನನಗೆ ಇದೇ ಚೆಂದ. ಹಳದಿ ಇದ್ದಾಗ ಈ ಮಾತು ನಾನೂ ಹೇಳ್ತಿರಲಿಲ್ಲ.

ಕಾನ್ವಾಯ್‌ಗಳಲ್ಲಿ ಎಂಪಿ-44 ಮೊದಲ ಸಲ ಬದಲಾಯಿಸೋಕೆ ನನಗೆ ಇಪ್ಪತ್ತೈದು ನಿಮಿಷ ಹಿಡೀತು, ಹಲಗೆ ಮೇಲೆ ಹಲಗೆ ಮಡಚಿ. 1984ರದ್ದು ಮುಷ್ಟಿ ಸಿಕ್ಕಿಸೋದೂ ಸೇರಿ ಅರ್ಧ ನಿಮಿಷ. ಕೀಲು ಬಿಗಿ ಮಾಡೋಕೆ ಬಣ್ಣ ಇಲ್ಲದ ನೇಲ್ ಪಾಲಿಶ್ ತೆಳ್ಳಗೆ ಒಂದು ಪದರ ಬಳಿದು ಪೂರ್ತಿ ಒಣಗಿದ ಮೇಲೆ ಜೋಡಿಸಿದೆ, ಈಗ ಟ್ರೇಲರ್ ಸಮೇತ ನಿಲ್ಲತ್ತೆ. ಎರಡರ ಮಧ್ಯೆ ಮಿಸ್ಸಿಂಗ್ ಲಿಂಕ್ ನನಗೆ ತುಂಬ ಹಿಡಿಸಿದ್ದು, ಹಳೇ ಮುಖ ಹಳೇ ಮೈ, ಆದ್ರೆ ಮೊಣಕಾಲು ಬಗ್ಗತ್ತೆ.

ಎಂಪಿ-10 ವಿಷಯದಲ್ಲಿ ಒಂದು ಸಲ ಮೋಸ ಹೋದೆ. ಆನ್‌ಲೈನಲ್ಲಿ ಒಬ್ರು ಒರಿಜಿನಲ್ ಅಂತ ಆರೂವರೆ ಸಾವಿರ ತಗೊಂಡು ನಾಕ್‌ಆಫ್, ಅಂದ್ರೆ ನಕಲಿ, ಕಳ್ಸಿದ್ರು. ಬಾಕ್ಸ್ ನೋಡಿದ್ರೆ ಗೊತ್ತೇ ಆಗಲ್ಲ, ನನ್ನ ಒರಿಜಿನಲ್ ಪಕ್ಕ ತಕ್ಕಡಿಗಿಟ್ಟಾಗ ತೂಕ ತಾಳೆಯಾಗ್ಲಿಲ್ಲ, ಕೆಂಪು ಒಂದು ಪಾಲು ಕಿತ್ತಳೆಗೆ ತಿರುಗಿತ್ತು. ತಕ್ಕಡಿ ಇಟ್ಕೊಳ್ಳಿ.

ಜೆಟ್‌ಫೈರ್ ಮೇಲೆ ಒಟ್ಟು ಖರ್ಚು ಕೂಡಿಸಿದ್ರೆ ಆಟಿಕೆ ಏಳು, ಮೂತಿ ಎರಡೂವರೆ, ಗನ್ ಮತ್ತೆ ಆರ್ಮರ್ ನಾಲ್ಕು, ಹಳೇದರ ಥರಾನೇ ಹೊಸದಾಗಿ ಮಾಡಿದ ಸ್ಟಿಕ್ಕರ್ ಒಂದೂವರೆ, ಪೆರಾಕ್ಸೈಡು ಹಾಳಾದದ್ದೂ ಸೇರಿ ಒಂದು ಸಾವಿರದ ಆಸುಪಾಸು. ಹದಿನಾರು ಸಾವಿರ ಆಯ್ತು. ಇಷ್ಟೇ ಬೆಳ್ಳಗಿರೋ ಪೂರ್ತಿ ಸೆಟ್ ಈ ದುಡ್ಡಿಗೆ ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಆಗಲ್ಲ ಅಂದಿದ್ದ ಬೆಂಗಳೂರಿನ ಹಿರಿಯರು ಕಳೆದ ತಿಂಗಳು ಮನೆಗೇ ಬಂದಿದ್ರು. ರೆಕ್ಕೆನ ಕಿಟಕಿ ಹತ್ರ ಹಿಡಿದು ತುಂಬ ಹೊತ್ತು ನೋಡಿದ್ರು, ಅಮ್ಮ ಕರಿದ ಸಂಡಿಗೆ ತಿಂದ್ರು, ಹೋಗುವಾಗ ಬ್ಯಾಗಿಂದ ಬಟ್ಟೆ ಸುತ್ತಿದ ಗಂಟು ತೆಗೆದುಕೊಟ್ರು. ಅವರ ಜೆಟ್‌ಫೈರ್ ಕಾಲು ಎರಡೂ ಈಗ ನಮ್ಮ ತಾರಸಿ ಮೇಲಿನ ಬೋಗುಣಿಲಿವೆ. ಇವತ್ತಿಗೆ ಐದನೇ ದಿನ, ಮೊಣಕಾಲು ಕೆಳಗೆ ಇನ್ನೂ ಹಳದಿ ಇದೆ.