ಲಂಡನ್ ಡೆಸ್ಕಿಗೆ ಬರೋ ಮುಂಚೆ, ಬೆಂಗಳೂರಿನಲ್ಲೇ

ನಮ್ಮ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ (ಕಂಪನಿಗಳ ಕೊಳ್ಳು-ಮಾರಾಟದ ಡೀಲುಗಳಿಗೆ ಸಲಹೆ ಕೊಡೋ ಬ್ಯಾಂಕು) ಬೆಂಗಳೂರಿನ ಆಫೀಸಿನಿಂದ ಲಂಡನ್ನಿಗೆ ವರ್ಗವಾದ ಹುಡುಗರು ಫೋನ್ ಮಾಡಿ ನನ್ನ ಹತ್ತಿರ ಕೇಳೋದು ಮನೆ ಬಾಡಿಗೆ, ಸೋನಾ ಮಸೂರಿ, ಚಳಿಗೆ ಏನು ತರಬೇಕು ಅಂತ. ಅದೆಲ್ಲ ಬಂದ ವಾರದಲ್ಲಿ ತಾನೇ ಗೊತ್ತಾಗುತ್ತೆ. ಆದರೆ ನೀವು ವಿಮಾನ ಹತ್ತುವ ಮುಂಚೆಯೇ ನಿಮ್ಮ ಹೆಸರು ಇಲ್ಲಿಗೆ ಬಂದು ಕೂತಿರುತ್ತೆ. ದೊಮ್ಮಲೂರಿನಲ್ಲೋ ರಿಂಗ್ ರೋಡಿನಲ್ಲೋ ಕೂತು ಕಳಿಸಿದ ಎಕ್ಸೆಲ್ ಶೀಟುಗಳೇ ಇಲ್ಲಿಯವರಿಗೆ ನಿಮ್ಮ ಮುಖ.

ನನ್ನದೇ ಕಥೆ ಕೇಳಿ. ಅನಲಿಸ್ಟ್ ಆಗಿದ್ದಾಗ ಕಾಂಪ್ಸ್ ಮಾಡಿದ್ದೆ. ಒಂದೇ ಕಸುಬಿನ ಲಿಸ್ಟೆಡ್ ಕಂಪನಿಗಳನ್ನು ಪಕ್ಕಪಕ್ಕ ಇಟ್ಟು ಬೆಲೆ ಅಂದಾಜು ಮಾಡೋ ಪಟ್ಟಿ. ಒಂದು ಕಂಪನಿಯ ವಾರ್ಷಿಕ ವರದಿ ಲಕ್ಷದ ಲೆಕ್ಕದಲ್ಲಿತ್ತು, ನಾನು ಮಿಲಿಯನ್ ಅಂದ್ಕೊಂಡೆ. 10 ಲಕ್ಷಕ್ಕೆ 1 ಮಿಲಿಯನ್ ಅಲ್ವಾ, ಲಾಭ ಹತ್ತು ಪಟ್ಟು ಉಬ್ಬಿತು. ಇವಿ-ಎಬಿಟ್ಡಾ ಮಲ್ಟಿಪಲ್, ಅಂದರೆ ಸಾಲವೂ ಸೇರಿದ ಕಂಪನಿಯ ಬೆಲೆ ಬಡ್ಡಿ, ತೆರಿಗೆ, ಸವಕಳಿ ಕಳೆಯೋ ಮುಂಚಿನ ಲಾಭದ ಎಷ್ಟು ಪಟ್ಟು ಅನ್ನೋದು, 12 ಇರಬೇಕಾದ ಕಡೆ 1.2. ಕೆಳಗೆ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರೋ ಅಂಕಿ) ಮಾತ್ರ ತೋರಿಸಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ರಾತ್ರಿ 9:30ಕ್ಕೆ ಕ್ಯಾಬಿನಲ್ಲಿ ಹೊಳೀತು. ಬೇಸಿಗೆ, ಲಂಡನ್ನಿನಲ್ಲಿ ಸಂಜೆ 5. ಸುಮ್ಮನಿದ್ದಿದ್ದರೂ ನಡೆಯುತ್ತಿತ್ತೇನೋ. ಹೊಟ್ಟೆ ಕಲಸಿತು. ಲಂಡನ್ನಿನ ವಿಪಿ, ಅಂದರೆ ವೈಸ್ ಪ್ರೆಸಿಡೆಂಟಿಗೆ ಫೋನ್ ಮಾಡಿ, ತಪ್ಪು ಯಾವ ಸಾಲಿನಲ್ಲಿದೆ, ಅದು ನನ್ನದೇ, ಅರ್ಧ ಗಂಟೆಯಲ್ಲಿ ಸರಿ ಮಾಡಿ ಕಳಿಸ್ತೀನಿ, ಅಷ್ಟೇ ಅಂದೆ. ಸಿಲ್ಕ್ ಬೋರ್ಡ್ ದಾಟೋದರೊಳಗೆ ಕಳಿಸಿಯೂ ಆಯ್ತು (ಅಲ್ಲಿ ಅಷ್ಟು ಹೊತ್ತು ಸಿಗೋದೇನೂ ದೊಡ್ಡದಲ್ಲ ಬಿಡಿ). ಆಕೆ ಹೊಗಳಲಿಲ್ಲ, ಬಯ್ಯಲೂ ಇಲ್ಲ. ಮುಂದಿನ ಡೀಲಿಗೆ ನನ್ನನ್ನೇ ಹೆಸರು ಹಿಡಿದು ಕೇಳಿದರು.

ಇನ್ನೊಂದು, ನಮ್ಮ "ನೋಡೋಣ". ಮನೆಯಲ್ಲಿ ಅದಕ್ಕೆ ಅರ್ಥ "ಆಗಲ್ಲ" ಅಂತ ಎಲ್ಲರಿಗೂ ಗೊತ್ತು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಲಂಡನ್ನಿನವರು "ಒಪ್ಪಿಕೊಂಡರು" ಅಂತ ಬರೆದುಕೊಳ್ಳುತ್ತಾರೆ. ಆಗಲ್ಲ ಅಂದರೆ ಆಗಲ್ಲ ಅನ್ನಿ; ಜೊತೆಗೆ ಯಾವಾಗ ಆಗುತ್ತೆ ಅಂತ ಹೇಳಿ.

ಗಡಿಯಾರ: ಬೆಂಗಳೂರು ಲಂಡನ್ನಿಗಿಂತ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಮಾರ್ಚಿನಲ್ಲಿ ನ್ಯೂಯಾರ್ಕಿನ ಗಡಿಯಾರ ಎರಡನೇ ಭಾನುವಾರ, ಲಂಡನ್ನಿನದು ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ ಹೋಗುತ್ತೆ. ಆ ನಡುವೆ ಕಾಲ್ ತಪ್ಪಿಸಿಕೊಂಡವರು ಬಹಳ.

ಗುಟ್ಟಿನ ವಿಷಯದಲ್ಲಿ ನೆಂಟರೇ ಕಷ್ಟ. ಗೃಹಪ್ರವೇಶದ ಪಂಕ್ತಿಯಲ್ಲಿ ಸೋದರಮಾವ, "ಏನಪ್ಪಾ, ಯಾವ ಷೇರು ಏರುತ್ತೆ?" ಅಂದರು. ಹೋಳಿಗೆ ನುಂಗಿ, "ಮಾವ, ನಾನು ಷೇರು ಕೊಳ್ಳೋಕೇ ಆಫೀಸಿನ ಅನುಮತಿ ಬೇಕು" ಅಂದೆ. ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ನಿಯಮದ ಪ್ರಕಾರ ಒಳಸುದ್ದಿಯಿಂದ ವ್ಯಾಪಾರ ಮಾಡೋದಷ್ಟೇ ಅಲ್ಲ, ಕಾರಣವಿಲ್ಲದೆ ಅದನ್ನು ದಾಟಿಸೋದೂ ತಪ್ಪು. ಮಾವನಿಗೆ ನಾನು ಇವತ್ತಿಗೂ ಜಂಬದವನು.

ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ತಿಳಿಯುತ್ತೆ ಅಂದ್ಕೋಬೇಡಿ. ಟ್ಯೂಬ್ ರೈಲಿನಲ್ಲಿ ಗೆಳೆಯನ ಹತ್ತಿರ ಡೀಲಿನ ಸುದ್ದಿ ಶುರು ಮಾಡೋದರಲ್ಲಿದ್ದೆ, ಎದುರಿನ ಸೀಟಿನ ಹೆಂಗಸು ನಕ್ಕು, "ನೀವು ಹಾಸನದ ಕಡೆಯವರಾ?" ಅಂದರು.